ಮಕ್ಕಳ ಕಿವಿಯೂ ಗುರುವಿನ ಮಂತ್ರವೂ

ನಮ್ಮ ಷಟ್‌ಸ್ಥಲ ಸಿದ್ಧಾಂತವು ಇಂದ್ರಿಯಗಳನ್ನು ಶತ್ರುಗಳೆಂದು ದೂರವಿಡಲಿಲ್ಲ. ಒಂದೊಂದರಲ್ಲಿಯೂ ಒಂದೊಂದು ಲಿಂಗವನ್ನು ನೆಲೆಗೊಳಿಸಿತು. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಆದಕಾರಣ ಕಿವಿಯ ಮೇಲೆ ಬೀಳುವ ಶಬ್ದವು ಶರಣನಿಗೆ ಬರಿಯ ಸದ್ದಲ್ಲ. ಅದು ಪ್ರಸಾದಲಿಂಗಕ್ಕೆ ಸಲ್ಲುವ ಅರ್ಪಿತ. ದೀಕ್ಷಾಕಾಲದಲ್ಲಿ ಶ್ರೀಗುರುವು ಶಿಷ್ಯನನ್ನು ಮೂರು ವಿಧವಾಗಿ ಅನುಗ್ರಹಿಸುತ್ತಾನೆ. ಮಸ್ತಕದ ಮೇಲೆ ಹಸ್ತವನ್ನಿಡುವುದು ವೇಧಾದೀಕ್ಷೆ, ಕಿವಿಯಲ್ಲಿ ಪಂಚಾಕ್ಷರಿಯನ್ನು ಉಸುರುವುದು ಮಂತ್ರದೀಕ್ಷೆ, ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸುವುದು ಕ್ರಿಯಾದೀಕ್ಷೆ. ಮಂತ್ರವು ಒಳಗೆ ಬರುವ ಬಾಗಿಲು ಕಿವಿ.

ಈ ತತ್ತ್ವವನ್ನು ಕೇಳದ ಲಿಂಗಾಯತ ಮನೆ ಅಪರೂಪ. ಆದರೆ ಪ್ರಸಾದಲಿಂಗದ ಆ ಸ್ಥಾನದಲ್ಲಿಯೇ ಕೀವು ಸೋರುತ್ತಿರುವ ಮಕ್ಕಳು ನಮ್ಮ ಮನೆಗಳಲ್ಲಿ ಇದ್ದಾರೆ. ಪ್ರವಚನದ ನಿಮಿತ್ತ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳನ್ನು ನಾವು ಬಹುಕಾಲದಿಂದ ಸುತ್ತುತ್ತಿದ್ದೇವೆ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬರ ಕಿವಿಯಲ್ಲಾದರೂ ಹತ್ತಿಯ ಉಂಡೆ ಕಾಣದ ಊರು ಕಡಿಮೆ. ಏಕೆಂದು ಕೇಳಿದರೆ ಸಿಕ್ಕುವ ಉತ್ತರವೂ ಒಂದೇ: ‘ಕಿವಿ ಸೋರುತ್ತೆ ಬುದ್ಧಿ, ದೊಡ್ಡೋರಾದ್ರೆ ನಿಂತುಹೋಗುತ್ತೆ.’ ಈ ಒಂದು ಮಾತಿನಿಂದ ಎಷ್ಟೋ ಮಕ್ಕಳ ವಿದ್ಯೆಯೂ ಮಾತೂ ಹಾಳಾಗುತ್ತಿವೆ ಎಂಬುದನ್ನು ಶರಣಬಂಧುಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

2022ರ ಶ್ರಾವಣದಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಗ್ರಾಮದಲ್ಲಿ ಮಕ್ಕಳಿಗೆ ಸಾಮೂಹಿಕ ಲಿಂಗದೀಕ್ಷೆ ನಡೆಯಿತು. ದೀಕ್ಷೆಯ ಅರ್ಥವನ್ನು ವಿವರಿಸುವ ಕಾರ್ಯ ನಮ್ಮದಾಗಿತ್ತು. ಸಾಲಿನಲ್ಲಿ ಒಂಬತ್ತು ವರ್ಷದ ಒಬ್ಬ ಹೆಣ್ಣುಮಗಳಿದ್ದಳು. ಗುರುಗಳು ಅವಳ ಬಲಗಿವಿಯ ಬಳಿ ಬಾಗಿ ಮಂತ್ರವನ್ನು ಉಸುರಿದರು. ಉಳಿದ ಮಕ್ಕಳಂತೆ ಅವಳು ಅದನ್ನು ಮರಳಿ ನುಡಿಯಲಿಲ್ಲ. ಇನ್ನೊಮ್ಮೆ ಉಸುರಿದರೂ ಮೌನವೇ. ಹಿಂದೆ ಕುಳಿತವರಲ್ಲಿ ಯಾರೋ ‘ಅದು ಮೊದಲಿಂದಲೂ ಸ್ವಲ್ಪ ಮಂಕು’ ಎಂದು ಪಿಸುಗುಟ್ಟಿದರು. ಆ ಪಿಸುಮಾತೂ ಅವಳಿಗೆ ಕೇಳಿಸಲಿಲ್ಲ. ಅವಳು ತಲೆಯೆತ್ತಿ ಗುರುಗಳ ತುಟಿಗಳನ್ನೇ ದಿಟ್ಟಿಸುತ್ತಿದ್ದಳು. ಗುರುಗಳಿಗೆ ಅರ್ಥವಾಯಿತು. ಅವರು ಮೆಲ್ಲನೆ ಅವಳ ಮುಖವನ್ನು ತಿರುಗಿಸಿ ಎಡಗಿವಿಯಲ್ಲಿ ಹೇಳಿದರು. ಮಗು ಆ ಕೂಡಲೆ ಐದು ಅಕ್ಷರಗಳನ್ನೂ ಸ್ಪಷ್ಟವಾಗಿ ನುಡಿದಳು. ಅವಳು ಮಂಕಾಗಿರಲಿಲ್ಲ, ಅವಳ ಬಲಗಿವಿಯ ಬಾಗಿಲು ಹರಿದಿತ್ತು.

ಬಾಗಿಲೆಂದು ನಾವು ಹೇಳಿದ್ದು ಕಿವಿಯ ತಮಟೆಯನ್ನು. ಹೊರಗಿವಿಯ ನಾಳದ ಕೊನೆಯಲ್ಲಿ ಬಿಗಿದಿರುವ ಈ ತೆಳುಪೊರೆಯ ಅಗಲ ಒಂದು ಸೆಂಟಿಮೀಟರಿಗಿಂತ ಕೊಂಚ ಕಡಿಮೆ, ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ; ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಎಲುಬುಗಳು ಒಂದಕ್ಕೊಂದು ಕೊಂಡಿಯಾಗಿ ನಿಂತಿವೆ. ಶಬ್ದವು ತಮಟೆಯನ್ನು ನಡುಗಿಸುತ್ತದೆ, ತಮಟೆ ಎಲುಬುಗಳನ್ನು ಅಲುಗಿಸುತ್ತದೆ, ಕೊನೆಯ ಎಲುಬು ಒಳಗಿವಿಯ ದ್ರವವನ್ನು ತಟ್ಟುತ್ತದೆ. ತಮಟೆಯ ಕಂಪಿಸುವ ಭಾಗವು ರಿಕಾಪಿನ ತಳಕ್ಕಿಂತ ಸುಮಾರು 17 ಪಟ್ಟು ವಿಸ್ತಾರವಾದುದು. ಅಗಲವಾದ ಪೊರೆ ಸಂಗ್ರಹಿಸಿದ ಬಲವು ಕಿರಿದಾದ ಜಾಗದ ಮೇಲೆ ಬೀಳುವುದರಿಂದಲೇ ಪಿಸುಮಾತೂ ನಮಗೆ ಕೇಳಿಸುತ್ತದೆ. ಪೊರೆಯಲ್ಲಿ ರಂಧ್ರವಾದರೆ ಈ ಬಲ ಕುಂದುತ್ತದೆ. ರಂಧ್ರ ದೊಡ್ಡದಾದಷ್ಟೂ ನಷ್ಟ ಹೆಚ್ಚು. ಇಂಥ ಮಗು ಪೂರ್ಣ ಕಿವುಡಾಗಿರುವುದಿಲ್ಲ. ಹತ್ತಿರ ನಿಂತು ಗಟ್ಟಿಯಾಗಿ ಕರೆದರೆ ಓಗೊಡುತ್ತದೆ. ದೂರದಿಂದ, ಗದ್ದಲದ ನಡುವೆ, ಮೆಲುದನಿಯಲ್ಲಿ ಹೇಳಿದ್ದು ತಪ್ಪಿಹೋಗುತ್ತದೆ. ಆದ್ದರಿಂದಲೇ ಅದನ್ನು ಕಿವುಡೆನ್ನದೆ ಸೋಮಾರಿ, ಮೊಂಡು, ಮಂಕು ಎಂದು ಜನ ಕರೆಯುತ್ತಾರೆ. ಇಲ್ಲದ ದೋಷವನ್ನು ಮಗುವಿನ ಸ್ವಭಾವಕ್ಕೆ ಅಂಟಿಸುವ ಈ ಅನ್ಯಾಯವು ರೋಗಕ್ಕಿಂತ ದೊಡ್ಡದು.

ರಂಧ್ರವಾಗುವುದು ಹೇಗೆ? ನಡುಗಿವಿಯ ಕೋಣೆಗೂ ಮೂಗಿನ ಹಿಂಭಾಗಕ್ಕೂ ನಡುವೆ ಯೂಸ್ಟೇಷಿಯನ್ ನಾಳವೆಂಬ ಒಂದು ಕಾಲುವೆಯುಂಟು. ದೊಡ್ಡವರಲ್ಲಿ ಅದು ಇಳಿಜಾರಾಗಿದ್ದರೆ ಮಕ್ಕಳಲ್ಲಿ ಗಿಡ್ಡವಾಗಿ, ಹೆಚ್ಚುಕಡಿಮೆ ಮಟ್ಟಸವಾಗಿ ಇರುತ್ತದೆ. ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ಏರುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದಿದ್ದರೆ ತೊಂದರೆ ಇಮ್ಮಡಿ. ಒಳಗೆ ಕೀವು ತುಂಬಿ, ಒತ್ತಡ ತಾಳಲಾರದೆ ತಮಟೆ ಒಡೆಯುತ್ತದೆ. ಆಗ ನೋವು ಇಳಿಯುತ್ತದೆ. ಮನೆಯವರು ವಾಸಿಯಾಯಿತೆಂದು ಸಮಾಧಾನಪಡುತ್ತಾರೆ. ಅನೇಕ ಸಲ ಒಡೆದ ಪೊರೆ ತಾನಾಗಿಯೇ ಕೂಡಿಕೊಳ್ಳುವುದೂ ಉಂಟು. ಮೂರು ತಿಂಗಳಾದರೂ ಕೂಡದೆ, ನೆಗಡಿಯಾದಾಗಲೆಲ್ಲ, ನೀರು ಹೊಕ್ಕಾಗಲೆಲ್ಲ ಸೋರುತ್ತಿದ್ದರೆ ಅದು ಕಾಯುವ ಕಾಲವಲ್ಲ. ಶಿಶುವನ್ನು ಅಂಗಾತ ಮಲಗಿಸಿ ಬಾಟಲಿಯಲ್ಲಿ ಹಾಲು ಕುಡಿಸುವುದು, ಮನೆಯೊಳಗಿನ ಬೀಡಿಯ ಹೊಗೆ, ಒಲೆಯ ಹೊಗೆ ಇವೂ ಮಕ್ಕಳ ಕಿವಿಗೆ ವೈರಿಗಳು.

ಇನ್ನು ನಮ್ಮ ಮನೆಮದ್ದುಗಳ ಮಾತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ, ಎದೆಹಾಲು ಇವನ್ನು ಕಿವಿಗೆ ಬಿಡುವುದು ಹಿಂದಿನಿಂದ ಬಂದ ರೂಢಿ. ಹಿರಿಯರ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಮಟೆ ತೂತಾಗಿರುವಾಗ ಹೊರಗೆ ಬಿಟ್ಟ ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ, ಸೋಂಕನ್ನೂ ಜೊತೆಗೆ ಒಯ್ಯುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಹನಿಗಳಲ್ಲಿಯೂ ಕೆಲವು ಒಳಗಿವಿಗೆ ಹಾನಿ ಮಾಡಬಲ್ಲವು. ವೈದ್ಯರು ಕಿವಿಯೊಳಗೆ ನೋಡಿ ಬರೆದುಕೊಟ್ಟುದನ್ನಲ್ಲದೆ ಬೇರೇನನ್ನೂ ಬಿಡಬಾರದು. ಪಿನ್ನು, ಬೆಂಕಿಕಡ್ಡಿ, ಹಕ್ಕಿಯ ಗರಿಗಳಿಂದ ಕಿವಿ ಕೆದಕುವುದು ತಮಟೆಗೆ ನೇರ ಅಪಾಯ. ಕೆನ್ನೆಗೆ ಹೊಡೆದ ಏಟು ಕಿವಿಯ ಮೇಲೆ ಬಿದ್ದರೂ ತಮಟೆ ಹರಿಯುತ್ತದೆ. ಚನ್ನರಾಯಪಟ್ಟಣದ ಕಡೆಯ ಒಬ್ಬ ಬಾಲಕನಿಗೆ ಮಗ್ಗಿ ತಪ್ಪಿದ್ದಕ್ಕಾಗಿ ಬಿದ್ದ ಒಂದು ಏಟಿನಿಂದ ಹೀಗಾದುದನ್ನು ನಾವು ಬಲ್ಲೆವು. ಹೊಡೆದವರು ಹೊರಗಿನವರಲ್ಲ, ಅವನ ಸ್ವಂತ ಚಿಕ್ಕಪ್ಪ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದೆ. ಮನೆಯೊಳಗೆ ನಮ್ಮ ಕೈಯನ್ನು ತಡೆಯಬೇಕಾದುದು ಕೊರಳಿನಲ್ಲಿರುವ ಲಿಂಗ.

ಹರಿದ ತಮಟೆಯನ್ನು ಮತ್ತೆ ಹೊದಿಸಬೇಕೆಂಬ ಯೋಚನೆ ಹಳೆಯದು. ನಮ್ಮ ಸುಶ್ರುತಾಚಾರ್ಯರು ಕರ್ಣರೋಗಗಳನ್ನು 28 ಬಗೆಯಾಗಿ ಎಣಿಸಿ, ಸೋರುವ ಕಿವಿಗೂ ದುರ್ಗಂಧದ ಕಿವಿಗೂ ಬೇರೆ ಬೇರೆ ಹೆಸರುಗಳನ್ನಿತ್ತರು. ಹರಿದ ಕಿವಿಯ ಹಾಲೆಯನ್ನು ಜೋಡಿಸುವ ವಿಧಾನವನ್ನೂ ತಿಳಿಸಿದರು. ತಮಟೆಯ ವಿಷಯದಲ್ಲಿ 1640ರಲ್ಲಿ ಜರ್ಮನಿಯ ಮಾರ್ಕಸ್ ಬಾಂಜರನು ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಒಂದು ಕೊಳವೆಗೆ ಬಿಗಿದು ಕಿವಿಯಲ್ಲಿ ಇರಿಸುವ ಉಪಾಯವನ್ನು ಸೂಚಿಸಿದನು. 1853ರಲ್ಲಿ ಲಂಡನ್ನಿನ ಜೋಸೆಫ್ ಟಾಯ್ನ್‌ಬಿ ಬೆಳ್ಳಿಯ ತಂತಿಗೆ ರಬ್ಬರಿನ ಬಿಲ್ಲೆಯನ್ನು ಸಿಕ್ಕಿಸಿದನು. 1878ರಲ್ಲಿ ಬರ್ಟೋಲ್ಡ್ ಎಂಬ ವೈದ್ಯನು ರೋಗಿಯ ಚರ್ಮವನ್ನೇ ಕಸಿಮಾಡಿದನು. 1950ರ ದಶಕದ ಆದಿಯಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಜೋಲ್ನರ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಶಸ್ತ್ರಚಿಕಿತ್ಸೆಗೆ ಶಾಸ್ತ್ರೀಯ ರೂಪವನ್ನು ಕೊಟ್ಟರು. ವೈದ್ಯರು ಇದನ್ನು ಟಿಂಪನೋಪ್ಲಾಸ್ಟಿ ಎನ್ನುತ್ತಾರೆ. ಪೊರೆಯನ್ನು ಮಾತ್ರ ಮುಚ್ಚುವುದಾದರೆ ಮಿರಿಂಗೋಪ್ಲಾಸ್ಟಿ.

ಇಂದು ನಡೆಯುವ ಕ್ರಮ ಹೀಗಿದೆ. ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಕಿವಿಯ ಹಿಂದೆ ಒಂದು ಸಣ್ಣ ಗೀಟು ಹಾಕುತ್ತಾರೆ. ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದ್ದಿರುವ ತೆಳುಪೊರೆಯಲ್ಲಿ ಒಂದು ಚೂರನ್ನು ತೆಗೆದುಕೊಳ್ಳುತ್ತಾರೆ. ಕೆಲವೊಮ್ಮೆ ಕಿವಿಯ ಮೃದು ಎಲುಬಿನ ಚೂರನ್ನೂ ಬಳಸುವುದುಂಟು. ರಂಧ್ರದ ಅಂಚನ್ನು ಕೆರೆದು ಹಸಿಮಾಡಿ, ಆ ಚೂರನ್ನು ಒಳಬದಿಯಿಂದ ತೇಪೆಯಂತೆ ಆನಿಸಿ, ಕ್ರಮೇಣ ಕರಗುವ ಸ್ಪಂಜಿನಿಂದ ಆಧಾರ ಕೊಡುತ್ತಾರೆ. ಹಳೆಯ ತಮಟೆಯ ಅಂಚು ಈ ತೇಪೆಯ ಮೇಲೆ ಹಬ್ಬಿ, ಕೆಲವು ವಾರಗಳಲ್ಲಿ ಹೊಸ ಪೊರೆಯಾಗುತ್ತದೆ. ಮಗುವಿನ ದೇಹದಿಂದಲೇ ಪಡೆದು ಮಗುವಿಗೇ ಅರ್ಪಿಸುವ ಈ ಕಾರ್ಯದಲ್ಲಿ ಹೊರಗಿನ ವಸ್ತು ಯಾವುದೂ ಉಳಿಯುವುದಿಲ್ಲ.

ಎಷ್ಟು ವರ್ಷಕ್ಕೆ ಮಾಡಿಸಬೇಕೆಂಬುದರಲ್ಲಿ ವೈದ್ಯರೊಳಗೆ ಭಿನ್ನಾಭಿಪ್ರಾಯವುಂಟು. ನೆಗಡಿಯ ಕಾಟ ತಗ್ಗಿ ನಾಳವು ಬಲಿಯಲೆಂದು ಏಳೆಂಟು ವರ್ಷದವರೆಗೆ ಕಾಯುವವರಿದ್ದಾರೆ. ಅದಕ್ಕೂ ಮೊದಲೇ ಮಾಡುವವರೂ ಇದ್ದಾರೆ. ಕಾಯಿರೆಂದು ವೈದ್ಯರು ಹೇಳಿದರೆ ಅದು ಸುಮ್ಮನಿರಿ ಎಂದಲ್ಲ. ಕಿವಿಯನ್ನು ಒಣಗಿಸಿಡುವುದು, ಶ್ರವಣಪರೀಕ್ಷೆ ಮಾಡಿಸುವುದು, ಎರಡೂ ಕಿವಿ ಮಂದವಾಗಿದ್ದರೆ ಶ್ರವಣಸಾಧನ ತೊಡಿಸುವುದು, ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದು ಇವೆಲ್ಲ ಆ ಕಾಲದಲ್ಲಿಯೂ ನಡೆಯಬೇಕು. ಆದರೆ ಸ್ರಾವವು ಅಲ್ಪವಾಗಿದ್ದು ಕೊಳೆತ ವಾಸನೆ ಬರುತ್ತಿದ್ದರೆ ಮಾತು ಬೇರೆ. ಚರ್ಮದ ಪದರು ಒಳಹೊಕ್ಕು ಬೆಳೆದು ಎಲುಬನ್ನು ತಿನ್ನುವ ಕೊಲೆಸ್ಟಿಯಟೋಮ ಅದಾಗಿರಬಹುದು. ಅದಕ್ಕೆ ಬೇರೆಯೇ ಶಸ್ತ್ರಚಿಕಿತ್ಸೆ ಬೇಕು, ವಿಳಂಬ ಸಲ್ಲದು. ಕಿವಿ ಸೋರುವ ಮಗುವಿಗೆ ಕಿವಿಯ ಹಿಂದೆ ಬಾವು, ತೀವ್ರ ತಲೆನೋವು, ವಾಂತಿ, ತಲೆಸುತ್ತು, ಬಾಯಿ ಸೊಟ್ಟಗಾಗುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಸೋಂಕು ಮೆದುಳಿಗೆ ಏರಿದರೆ ಜೀವಕ್ಕೇ ಅಪಾಯ.

ಅರಕಲಗೂಡು ಸೀಮೆಯ ಆ ಹೆಣ್ಣುಮಗಳ ವಿಷಯಕ್ಕೆ ಬರೋಣ. ದೀಕ್ಷೆಯಾದ ಮರುದಿನ ನಾವು ಅವರ ಮನೆಗೆ ಹೋದೆವು. ತಂದೆಯದು ಹೊಗೆಸೊಪ್ಪಿನ ಬೇಸಾಯ. ‘ಬ್ಯಾರನ್‌ಗೆ ಬೆಂಕಿ ಹಾಕಿದೀನಿ ಬುದ್ಧಿ, ಈಗ ಬಿಟ್ಟು ಬರೋಕಾಗಲ್ಲ’ ಎಂದರು. ಅಜ್ಜಿಯ ಅಂಜಿಕೆ ಬೇರೆ: ‘ಹೆಣ್ಣುಕೂಸು ಬುದ್ಧಿ, ಕಿವಿ ಕುಯ್ಸಿ ಗಾಯ ಮಾಡ್ಸಿದ್ರೆ ನಾಳೆ ಯಾರು ಒಪ್ತಾರೆ? ಇವಳಪ್ಪನಿಗೂ ಚಿಕ್ಕೋನಾಗಿದ್ದಾಗ ಸೋರ್ತಿತ್ತು, ತಾನಾಗೇ ನಿಂತೋಯ್ತು.’ ನಾವು ಆ ತಂದೆಯತ್ತ ನೋಡಿದೆವು. ನಮ್ಮ ಮಾತು ಕೇಳಲೆಂದು ಅವರು ಬಲಗಿವಿಯನ್ನು ನಮ್ಮ ಕಡೆಗೆ ತಿರುಗಿಸಿ, ಅಂಗೈಯನ್ನು ಹಿಂದೆ ಆನಿಸಿ ಕುಳಿತಿದ್ದರು. ‘ಅವ್ವಾ, ಸೋರುವುದು ನಿಂತಿತು, ಕೇಳುವುದು ಬಂದಿತೇ?’ ಎಂದು ಕೇಳಿದೆವು. ಆ ವೃದ್ಧೆ ಮಗನನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಜೊತೆಯಲ್ಲಿ ಉಂಡ ಮಗನ ಎಡಗಿವಿ ಕೆಲಸ ಮಾಡುತ್ತಿಲ್ಲವೆಂಬುದು ಮನೆಯವರಿಗೆಲ್ಲ ತಿಳಿದಿತ್ತು. ಅದು ಬಾಲ್ಯದ ಆ ಸೋರುವಿಕೆಯ ಶೇಷವೆಂದು ಯಾರಿಗೂ ಹೊಳೆದಿರಲಿಲ್ಲ.

ಸೊಪ್ಪಿನ ಕೆಲಸ ಮುಗಿದ ಮೇಲೆ ಹಾಸನಕ್ಕೆ ಬಂದರು. ಪರೀಕ್ಷೆ, ಔಷಧ, ಕಿವಿ ಒಣಗಲು ಕೆಲವು ತಿಂಗಳು. 2023ರ ಏಪ್ರಿಲ್‌ನಲ್ಲಿ, ಶಾಲೆಯ ರಜೆಯಲ್ಲಿ, ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಹಿಂದಿನ ರಾತ್ರಿ ಆ ತಾಯಿ ನಮಗೆ ದೂರವಾಣಿ ಮಾಡಿದರು: ‘ಮೈಮೇಲೆ ಏನೂ ಇರಬಾರದು ಅಂತಾರೆ ಬುದ್ಧಿ. ಈಗ ತಾನೇ ಕಟ್ಟಿದ ಲಿಂಗ ತೆಗೆಯೋದು ಹೇಗೆ?’ ನಮ್ಮ ಸಮಾಜದ ಅನೇಕ ತಾಯಂದಿರ ಎದೆಯಲ್ಲಿರುವ ಈ ಪ್ರಶ್ನೆಯನ್ನು ಲಘುವಾಗಿ ಕಾಣಬಾರದು. ನಾವು ಹೇಳಿದ್ದು ಇಷ್ಟು: ವೈದ್ಯರನ್ನು ವಿನಯದಿಂದ ಕೇಳಿರಿ, ಶಸ್ತ್ರದ ಜಾಗಕ್ಕೆ ದೂರವಾಗಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಅವರು ಒಪ್ಪಿದರೆ ಹಾಗೆ ಮಾಡಿರಿ. ಒಪ್ಪದಿದ್ದರೆ ಇಷ್ಟಲಿಂಗವನ್ನು ನಿಮ್ಮ ಕರಸ್ಥಲದಲ್ಲಿ ಹಿಡಿದು ಬಾಗಿಲ ಬಳಿ ಕುಳಿತಿರಿ. ಮಗುವಿನ ಪ್ರಾಣಲಿಂಗವನ್ನೂ ಭಾವಲಿಂಗವನ್ನೂ ಯಾರೂ ಕಳಚಲಾರರು. ವೈದ್ಯರು ಮುಟ್ಟುವುದು ಪ್ರಸಾದಲಿಂಗದ ಸ್ಥಾನವನ್ನು, ಅದೂ ಪೂಜೆಯೇ. ಎರಡು ಗಂಟೆಯ ಕಾಲ ಆ ತಾಯಿ ಹಾಗೆಯೇ ಕುಳಿತಿದ್ದರಂತೆ.

ಆಮೇಲಿನ ಪಥ್ಯವೂ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ವೈದ್ಯರು ಹೇಳುವವರೆಗೆ ಕಿವಿಗೆ ಒಂದು ತೊಟ್ಟು ನೀರೂ ಸೋಕಬಾರದು. ತಲೆಗೆ ಎಣ್ಣೆಸ್ನಾನವಿಲ್ಲ, ಹೊಳೆನರಸೀಪುರದ ಹೇಮಾವತಿಯಲ್ಲಾಗಲಿ ರಾಮನಾಥಪುರದ ಕಾವೇರಿಯಲ್ಲಾಗಲಿ ಮುಳುಗುವಂತಿಲ್ಲ. ಮೂಗನ್ನು ಜೋರಾಗಿ ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ನೆಗಡಿಯಾದರೆ ಕೂಡಲೆ ತೋರಿಸಬೇಕು. ಆ ಹುಡುಗಿಯ ತೇಪೆ ಚೆನ್ನಾಗಿ ಕೂಡಿಕೊಂಡಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಆ ಕಿವಿಯ ಶ್ರವಣ ಬಹುಮಟ್ಟಿಗೆ ಮರಳಿತ್ತು. ಗಾಯದ ಗೆರೆ ಕಿವಿಯ ಹಿಂದೆ ಕೂದಲಿನ ಮರೆಯಲ್ಲಿ ಅಡಗಿದೆ. ಅಜ್ಜಿಯೇ ಹುಡುಕಿ ನೋಡಬೇಕು.

ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾವು ಭರವಸೆ ಕೊಡಲಾರೆವು. ನುರಿತ ಕೈಗಳಲ್ಲಿ ಬಹುಪಾಲು ಮಕ್ಕಳ ತೇಪೆ ಹಿಡಿದುಕೊಳ್ಳುತ್ತದೆ, ಕೆಲವರದು ಹಿಡಿಯುವುದಿಲ್ಲ. ಏಟು ತಿಂದ ಆ ಬಾಲಕನ ತಮಟೆ ತಾನಾಗಿ ಕೂಡಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಲ್ಲಿ ಬಲವಾದ ನೆಗಡಿ ಬಂದು ಸಣ್ಣ ರಂಧ್ರ ಮತ್ತೆ ತೆರೆಯಿತು. ಮನೆಯವರು ಎದೆಗುಂದಲಿಲ್ಲ, ಮರುವರ್ಷ ಎರಡನೆಯ ಸಲ ಮಾಡಿಸಿದರು. ಈಗ ಕಿವಿ ಒಣಗಿದೆ. ಅವನ ಚಿಕ್ಕಪ್ಪನವರೇ ಎರಡೂ ಸಲ ಆಸ್ಪತ್ರೆಯಲ್ಲಿ ರಾತ್ರಿ ಕಾದವರು.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕಿವಿ ಕೇಳದವರು ಶಿವಪಥದಲ್ಲಿ ಕಡಿಮೆಯೆಂದು ಯಾರೂ ಭಾವಿಸಬಾರದು. ಹುಟ್ಟಿನಿಂದ ಶ್ರವಣವಿಲ್ಲದವರಿಗೂ ಗುರುಕಾರುಣ್ಯವುಂಟು, ಸಂಜ್ಞೆಯಲ್ಲಿಯೂ ಮಂತ್ರವುಂಟು. ಸರಿಪಡಿಸಲಾಗದುದನ್ನು ಘನತೆಯಿಂದ ಒಪ್ಪಿ ಜೊತೆಗೂಡಿ ನಡೆಯುವುದು ಶರಣಧರ್ಮ. ಸರಿಪಡಿಸಬಹುದಾದುದನ್ನು ಹಣೆಬರಹವೆಂದು ಬಿಡುವುದು ಧರ್ಮವಲ್ಲ.

ಮಾರ್ಗಗಳೇನೂ ದೂರವಿಲ್ಲ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅಲ್ಲಿಂದ ಹಾಸನ ಸುಮಾರು ಒಂದು ಗಂಟೆಯ ಬಸ್ಸಿನ ಹಾದಿ. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಬೆಳೆದುಬಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣಪರೀಕ್ಷೆಗೆ ದೇಶಕ್ಕೇ ಹೆಸರಾದುದು. ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ಆಸ್ಪತ್ರೆಯೂ ವಾಕ್ ಶ್ರವಣ ಸಂಸ್ಥೆಯೂ ಅದೇ ನಗರದಲ್ಲಿವೆ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಕಿವಿಯ ಸೋಂಕೂ ಶ್ರವಣದೋಷವೂ ಅವರ ಪಟ್ಟಿಯಲ್ಲಿವೆ. ವೆಚ್ಚದ ಚಿಂತೆಯಿರುವವರು ಪಡಿತರ ಚೀಟಿ, ಆಧಾರ್ ಜೊತೆಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ವಿಷಯವನ್ನು ಮೊದಲೇ ವಿಚಾರಿಸಬೇಕು.

ಕೊನೆಯದಾಗಿ ನಮ್ಮ ಮಠಗಳಿಗೂ ಗ್ರಾಮಗಳ ಸಮಾಜದ ಮುಖಂಡರಿಗೂ ಒಂದು ಅರಿಕೆ. ಸಾಮೂಹಿಕ ದೀಕ್ಷೆಗೆ ಹೆಸರು ಬರೆದುಕೊಳ್ಳುವ ದಿನವೇ ಆ ಮಕ್ಕಳ ಕಿವಿಗಳನ್ನು ವೈದ್ಯರಿಂದ ನೋಡಿಸುವ ಪದ್ಧತಿಯನ್ನು ಆರಂಭಿಸೋಣ. ವಿಭೂತಿ, ರುದ್ರಾಕ್ಷಿ, ಕರಡಿಗೆಗಳ ಪಟ್ಟಿಯಲ್ಲಿ ಅದೂ ಒಂದು ಸಾಲಾಗಲಿ. ದೋಷ ಕಂಡ ಮಗುವಿನ ಬಸ್ಸಿನ ಖರ್ಚು, ಜೊತೆಗೆ ಹೋಗುವವರ ಒಂದು ದಿನದ ಕೂಲಿ ಇವನ್ನು ದಾಸೋಹದ ಲೆಕ್ಕದಲ್ಲಿ ಭರಿಸಿದರೆ ಅದು ಅನ್ನದಾಸೋಹಕ್ಕಿಂತ ಕಡಿಮೆಯಾಗಲಾರದು. ಮನೆಗಳಲ್ಲಿ ತಾಯಂದಿರು ಮಾಡಬೇಕಾದುದು ಇನ್ನೂ ಸುಲಭ: ಮಗುವಿನ ಬೆನ್ನ ಹಿಂದೆ ನಿಂತು, ಒಂದೊಂದು ಕಿವಿಯನ್ನು ಮುಚ್ಚಿಸಿ, ಮೆಲುದನಿಯಲ್ಲಿ ಅದರ ಹೆಸರನ್ನು ಕರೆಯಿರಿ. ಮಗು ತಿರುಗದಿದ್ದರೆ ಗದರಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.